ಜೀನಗಾರ ಫ್ರೀಡ್ರಿಶ್ ಎಬರ್ಟ್

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯ ನಮ್ಮ ಜನಕ್ಕೆ ‘ಜೀನಗಾರ’ ಎಂಬ ಮಾತು ಹೊಸದಲ್ಲ. ಜೀನು ಎಂಬುದು ಪಾರಸಿಯಿಂದ ಬಂದ ಶಬ್ದ. ಅದನ್ನು ಮಾಡುವವನು ಜೀನಗಾರ. ಇದಕ್ಕೂ ಮುಂಚೆ ನಮ್ಮ ಹಳಗನ್ನಡದಲ್ಲಿ ಪಲ್ಲಣ ಎಂಬ ಮಾತಿತ್ತು, ಅದು ಸಂಸ್ಕೃತದ ಪರ್ಯಾಣದ ತದ್ಭವ, ಮುಂದೆ ಹಲ್ಲಣವಾಯಿತು. ದಂಡುಗಳು ಕುದುರೆಯ ಮೇಲೆ ನಡೆದಷ್ಟು ಕಾಲ ಜೀನಗಾರನಿಗೆ ಅನ್ನವಿತ್ತು, ಅಂಗಡಿಯಿತ್ತು. ದಂಡುಗಳು ಹೋದಮೇಲೆ ಕಸಬು ಹೋಗಿ ಹೆಸರು ಮಾತ್ರ ಉಳಿಯಿತು. ಕಸಬಿನ ಹೆಸರು ಮನುಷ್ಯನನ್ನು ಎಷ್ಟು ದೂರ ಬೆನ್ನಟ್ಟಿಕೊಂಡು ಹೋಗಬಲ್ಲದೆಂಬುದನ್ನು ನಾವು ಬಲ್ಲೆವು. ಆದರೆ ಇದು ನಮ್ಮ ದೇಶದ ಜಾತಿಪದ್ಧತಿಗೆ ಮಾತ್ರ ಸೇರಿದ ವಿಷಯವೆಂದು ತಿಳಿಯುವುದು ತಪ್ಪು. ಜರ್ಮನಿ ದೇಶದಲ್ಲಿ ಜೀನು ಹೊಲಿಯುವ ಕೆಲಸ ಕಲಿತು, ಬ್ರೇಮನ್ ಎಂಬ ಬಂದರುಪಟ್ಟಣದಲ್ಲಿ ಬಡವರ ಅರ್ಜಿ ಬರೆಯುತ್ತ ಊರಿನ ಮುಖಂಡನಾಗಿ, ಕೊನೆಗೆ ಆ ದೇಶದ ಮೊದಲನೆಯ ರಾಷ್ಟ್ರಾಧ್ಯಕ್ಷನಾದ ಫ್ರೀಡ್ರಿಶ್ ಎಬರ್ಟನನ್ನು ಅವನ ವೈರಿಗಳು ಸಾಯುವವರೆಗೂ ಜರೆದದ್ದು ‘ಜೀನಗಾರ’ ಎಂಬ ಒಂದೇ ಮಾತಿನಿಂದ. ಅವನ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ಸ್ವಲ್ಪದರಲ್ಲಿ ಹೇಳಬೇಕೆಂದಿದ್ದೇವೆ.

ಎಬರ್ಟನು 1871ನೆಯ ಇಸವಿ ಫೆಬ್ರವರಿ 4ರಂದು ಹೈಡಲ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿದನು. ಬಿಸ್ಮಾರ್ಕನು ಜರ್ಮನಿಯ ಬಿಡಿಬಿಡಿ ರಾಜ್ಯಗಳನ್ನೆಲ್ಲ ಒಂದು ಚಕ್ರಾಧಿಪತ್ಯವಾಗಿ ಕಟ್ಟಿದ ವರ್ಷವೂ ಅದೇ. ನೆಕಾರ್ ನದಿಯ ದಂಡೆಯ ಮೇಲಿರುವ ಈ ಊರು ಆಗ ಚಿಕ್ಕದು. ಆದರೆ 1386ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಿಂದಾಗಿ ಯುರೋಪಿನಲ್ಲೆಲ್ಲ ಹೆಸರಾದದ್ದು. ಮುಖ್ಯ ಬೀದಿಯಿಂದ ಹೊಳೆಯ ಕಡೆಗೆ ಇಳಿಯುವ ಫಾಫನ್‌ಗಾಸ್ ಎಂಬ ಇಕ್ಕಟ್ಟಾದ ಓಣಿಯಲ್ಲಿ 18ನೆಯ ನಂಬರಿನ ಮನೆ. ತಂದೆ ಕಾರ್ಲ್ ದರ್ಜಿ. ಒಂಬತ್ತು ಮಕ್ಕಳಲ್ಲಿ ಫ್ರೀಡ್ರಿಶ್ ಏಳನೆಯವನು. ಮೂವರು ಎಳವೆಯಲ್ಲಿಯೇ ತೀರಿಕೊಂಡರು. ತಂದೆ ಬಟ್ಟೆ ಹೊಲಿಯುತ್ತಿದ್ದುದು, ಮಕ್ಕಳು ಮಲಗುತ್ತಿದ್ದುದು ಎಲ್ಲವೂ ಆ ಮನೆಯ ಒಂದು ಪುಟ್ಟ ಬಿಡಾರದೊಳಗೆ. ಹುಡುಗನಿಗೆ ಓದುವ ಆಸೆಯಿತ್ತು. ವಿಶ್ವವಿದ್ಯಾಲಯವೇನೂ ದೂರವಿರಲಿಲ್ಲ, ಓಣಿ ಹತ್ತಿ ಮುಖ್ಯ ಬೀದಿ ಹಿಡಿದು ಕೆಲವು ನಿಮಿಷ ನಡೆದರೆ ಸಾಕು. ಆದರೆ ದರ್ಜಿಯ ಮಗನಿಗೆ ಆ ಕೆಲವು ನಿಮಿಷದ ಹಾದಿ ಸಾಗುವಂತಿರಲಿಲ್ಲ; ಮನೆಯಲ್ಲಿ ಹಣವಿಲ್ಲ. ಪ್ರಾಥಮಿಕ ಶಾಲೆ ಮುಗಿಸಿ ಹದಿನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ಜೀನಗಾರನ ಬಳಿ ಕೆಲಸ ಕಲಿಯಲು ನಿಂತನು. ಅದು 1885ರಿಂದ 1888ರ ವರೆಗಿನ ಮಾತು.

ಈ ಕಸಬಿನ ವಿಚಾರವನ್ನು ಇಲ್ಲಿ ಸ್ವಲ್ಪ ವಿವರಿಸಿದರೆ ವಾಚಕರು ಬೇಸರಪಡಲಾರರೆಂದು ನಂಬಿದ್ದೇವೆ. ಇಂದಿನ ನಮ್ಮ ಮಕ್ಕಳಿಗೆ ಜೀನು ಎಂದರೆ ಮದುವೆಯ ಮೆರವಣಿಗೆಯಲ್ಲಿ ಕಾಣುವ ಬಣ್ಣದ ಸಾಮಾನು. ವಾಸ್ತವದಲ್ಲಿ ಅದು ಬಹಳ ಲೆಕ್ಕಾಚಾರದ ವಸ್ತು. ಅದರ ಒಳಗೆ ಮರದ ಒಂದು ಚೌಕಟ್ಟಿರುತ್ತದೆ. ಈ ಚೌಕಟ್ಟು ಕುದುರೆಯ ಬೆನ್ನುಮೂಳೆಯ ಮೇಲೆ ಎಲ್ಲಿಯೂ ಕೂರಬಾರದು. ಸವಾರನ ಭಾರವು ಮೂಳೆಯ ಎಡಬಲಗಳ ಮಾಂಸಖಂಡಗಳ ಮೇಲೆ ಸಮವಾಗಿ ಹರಡಬೇಕು. ನಡುವೆ ಗಾಳಿಯಾಡುವ ಕಾಲುವೆಯಂಥ ಸಂದು ಉಳಿಯಬೇಕು. ಬೆರಳಗಲ ಹೆಚ್ಚುಕಡಿಮೆಯಾದರೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಆಮೇಲೆ ಆ ಕುದುರೆ ವಾರಗಟ್ಟಲೆ ಕೆಲಸಕ್ಕೆ ಬಾರದು. ಚೌಕಟ್ಟಿನ ಕೆಳಗೆ ಉಣ್ಣೆ ಅಥವಾ ಕುದುರೆಕೂದಲು ತುಂಬಿದ ಮೆತ್ತೆ, ಮೇಲೆ ಮರದ ತೊಗಟೆಯ ರಸದಲ್ಲಿ ಹದಮಾಡಿದ ತೊಗಲು. ತೊಗಲನ್ನು ಕತ್ತರಿಸಲು ಅರ್ಧಚಂದ್ರಾಕಾರದ ಕತ್ತಿ, ರಂಧ್ರ ಮಾಡಲು ಆರೆ. ಹೊಲಿಗೆಗೆ ಅಗಸೆನಾರಿನ ದಾರ. ಅದನ್ನು ಜೇನುಮೇಣದಲ್ಲಿ ಉಜ್ಜಿ ಹುರಿಗೊಳಿಸಿ ಎರಡು ತುದಿಗಳಿಗೂ ಒಂದೊಂದು ಸೂಜಿ ಪೋಣಿಸುತ್ತಾರೆ. ಜೀನಗಾರನು ತೊಗಲನ್ನು ಮರದ ಚಿಮಟಕ್ಕೆ ಸಿಕ್ಕಿಸಿ ಮೊಳಕಾಲುಗಳ ನಡುವೆ ಹಿಡಿದುಕೊಂಡು, ಒಂದೇ ರಂಧ್ರದಲ್ಲಿ ಎಡಗೈಯ ಸೂಜಿಯನ್ನು ಬಲಕ್ಕೂ ಬಲಗೈಯ ಸೂಜಿಯನ್ನು ಎಡಕ್ಕೂ ದಾಟಿಸಿ ಎರಡು ಕೈಗಳಿಂದಲೂ ಜಗ್ಗುತ್ತಾನೆ. ಯಂತ್ರದ ಹೊಲಿಗೆಯಲ್ಲಿ ಒಂದು ಎಳೆ ಹರಿದರೆ ಸಾಲು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಈ ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಕಡೆಯ ಎಳೆ ಸವೆದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಸವಾರನ ಪ್ರಾಣ ಆ ಎಳೆಯ ಮೇಲಿದೆ. ಜೀನಿನ ಜೊತೆಗೆ ಲಗಾಮು, ರಿಕಾಬಿನ ಪಟ್ಟಿ, ಬಂಡಿಯ ಕುದುರೆಯ ಕೊರಳಪಟ್ಟಿ, ಸಾರೋಟಿನ ಆಸನ ಇವೂ ಜೀನಗಾರನ ಕೆಲಸವೇ.

ಜರ್ಮನಿಯಲ್ಲಿ ಕಸಬು ಕಲಿತ ತರುಣರು ಊರೂರು ತಿರುಗಿ ಬೇರೆ ಬೇರೆ ಯಜಮಾನರ ಕೈಕೆಳಗೆ ಕೆಲಸ ಮಾಡುವ ಹಳೆಯ ಪದ್ಧತಿಯೊಂದಿತ್ತು. ಎಬರ್ಟನೂ ಅದರಂತೆ ಹೊರಟನು. ಮಾನ್‌ಹೈಮ್ ಪಟ್ಟಣದಲ್ಲಿದ್ದ ಚಿಕ್ಕಪ್ಪನೊಬ್ಬನ ಮೂಲಕ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷದ ಪರಿಚಯವಾಗಿ 1889ರಲ್ಲಿ ಸದಸ್ಯನಾದನು. ಆಗ ಆ ಪಕ್ಷಕ್ಕೆ ಸೇರುವುದು ಸುಲಭದ ಮಾತಲ್ಲ. 1878ರಲ್ಲಿ ಬಿಸ್ಮಾರ್ಕನು ಮಾಡಿಸಿದ್ದ ಸಮಾಜವಾದಿ ವಿರೋಧದ ಶಾಸನ 1890ರ ವರೆಗೆ ಜಾರಿಯಲ್ಲಿತ್ತು. ಸಭೆ ಸೇರಿದರೆ ತಪ್ಪು, ಪತ್ರಿಕೆ ಹಂಚಿದರೆ ತಪ್ಪು. ಎಬರ್ಟನ ಹೆಸರು ಪೋಲೀಸರ ಪಟ್ಟಿಯನ್ನೇರಿತು. ಹೀಗಾಗಿ ಅವನ ಅಲೆದಾಟ ಕಸಬು ಕಲಿಯುವ ಅಲೆದಾಟವಾಗಿ ಮಾತ್ರ ಉಳಿಯಲಿಲ್ಲ. ಕಾಸೆಲ್, ಬ್ರೌನ್‌ಷ್ವೈಗ್, ಎಲ್ಬರ್‌ಫೆಲ್ಡ್-ಬಾರ್ಮನ್, ರೆಮ್‌ಷೈಡ್, ಕ್ವಾಕೆನ್‌ಬ್ರೂಕ್ ಎಂದು ಎರಡು ವರ್ಷದಲ್ಲಿ ಅರ್ಧ ಡಜನ್ನಿಗೆ ಹತ್ತಿರದಷ್ಟು ಊರುಗಳನ್ನು ತಿರುಗಿದನು. ಹೋದಹೋದಲ್ಲಿ ಜೀನಗಾರರ ಸಂಘದ ಶಾಖೆಯನ್ನು ತೆರೆದು ಅದನ್ನು ನಡೆಸುವುದು ಅವನ ರೂಢಿಯಾಯಿತು. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ! ಇವನು ದೊಡ್ಡ ವಾಗ್ಮಿಯೇನೂ ಅಲ್ಲ. ಸಿದ್ಧಾಂತಗಳ ಚರ್ಚೆಯಲ್ಲಿ ಅವನಿಗೆ ಅಂಥ ರುಚಿ ಎಂದೂ ಇರಲಿಲ್ಲ. ಪಟ್ಟಿ ಬರೆಯುವುದು, ವಂತಿಗೆ ಕೂಡಿಸುವುದು, ಲೆಕ್ಕ ತೋರಿಸುವುದು, ಬಂದವನ ಮಾತು ಕೊನೆಯವರೆಗೆ ಕೇಳುವುದು — ಇವನ ಬಲವೆಲ್ಲ ಇಲ್ಲಿ.

1891ರಲ್ಲಿ ಬ್ರೇಮನ್ನಿಗೆ ಬಂದು ನೆಲೆನಿಂತನು. ವೇಸರ್ ನದಿಯ ಮೇಲಿನ ಈ ಊರು ವರ್ತಕರ ಊರು. ತನ್ನನ್ನು ತಾನೇ ಆಳಿಕೊಳ್ಳುತ್ತಿದ್ದ ಪುರಾತನ ಪಟ್ಟಣರಾಜ್ಯ. ಎಬರ್ಟನು ಅಲ್ಲಿ ಕೈಗೆ ಬಂದ ಸಣ್ಣಪುಟ್ಟ ಕೆಲಸದಿಂದ ಹೊಟ್ಟೆ ಹೊರೆದನು. ರೊಟ್ಟಿ ಸುಡುವ ಭಟ್ಟಿಗಳಲ್ಲಿ ದುಡಿಯುವವರ ಸ್ಥಿತಿಗತಿಯನ್ನು ವಿಚಾರಿಸಿ ಒಂದು ಪುಸ್ತಿಕೆಯನ್ನು ಬರೆದನು. 1893ರಲ್ಲಿ ‘ಬ್ರೇಮರ್ ಬ್ಯುರ್ಗರ್ ತ್ಸೈಟುಂಗ್’ ಎಂಬ ಪಕ್ಷದ ಪತ್ರಿಕೆಯಲ್ಲಿ ಸಂಪಾದಕನ ಕೆಲಸ ದೊರೆಯಿತು. 1894ರ ಮೇ ತಿಂಗಳಲ್ಲಿ ಲೂಯಿಸ್ ರುಂಪ್ ಎಂಬಾಕೆಯನ್ನು ಮದುವೆಯಾದನು. ಆಕೆಯೂ ಕೂಲಿಯವನ ಮಗಳು. ಮನೆಗೆಲಸ ಮಾಡಿದ್ದಳು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡಿದ್ದಳು, ಕಾರ್ಮಿಕ ಸಂಘದಲ್ಲಿಯೂ ಓಡಾಡಿದ್ದಳು.

ಮದುವೆಯಾದ ವರ್ಷವೇ ಗಂಡಹೆಂಡಿರು ಒಂದು ಪಾನಗೃಹವನ್ನು ತೆರೆದರು. ಇದನ್ನು ಓದಿದೊಡನೆ ನಮ್ಮ ಉಪಾಧ್ಯಾಯ ಬಂಧುಗಳು ಹುಬ್ಬುಗಂಟಿಕ್ಕಬಹುದು. ಆದರೆ ಆ ಕಾಲದ ಜರ್ಮನಿಯಲ್ಲಿ ಅದರ ಅರ್ಥವೇ ಬೇರೆ. ಸಂಘದ ಕೆಲಸ ಮಾಡಿ ಯಜಮಾನರ ಕೋಪಕ್ಕೆ ಗುರಿಯಾದವನಿಗೆ ಬೇರೆಲ್ಲಿಯೂ ಕೆಲಸ ಸಿಗುತ್ತಿರಲಿಲ್ಲ. ಕೂಲಿಕಾರರ ಸಭೆಗೆ ಯಾರೂ ಜಾಗ ಕೊಡುತ್ತಿರಲಿಲ್ಲ. ಕೊಟ್ಟವನಿಗೆ ಪೋಲೀಸರ ಕಾಟ. ಆದುದರಿಂದ ಪಕ್ಷದ ಅನೇಕರು ತಾವೇ ಪಾನಗೃಹ ನಡೆಸಿ, ಅದನ್ನೇ ಸಭಾಗೃಹವನ್ನಾಗಿಯೂ ವಾಚನಾಲಯವನ್ನಾಗಿಯೂ ಮಾಡಿಕೊಂಡರು. ನಮ್ಮ ಹಳ್ಳಿಯ ಚಾವಡಿಯೂ ಚಹದ ಅಂಗಡಿಯೂ ಒಂದಾದಂತೆ ಎನ್ನಬಹುದು. ಎಬರ್ಟನ ಅಂಗಡಿಯಲ್ಲಿ ಬಿಯರು ಕುಡಿಯಲು ಬಂದವನು ತನ್ನ ಗೋಳನ್ನೂ ತರುತ್ತಿದ್ದನು.

ಆ ಗೋಳು ಎಂಥದು? ಇದು ಲಕ್ಷ್ಯವಿಟ್ಟು ನೋಡತಕ್ಕ ವಿಷಯ. ಬಿಸ್ಮಾರ್ಕನು ಒಂದು ಕೈಯಿಂದ ಸಮಾಜವಾದಿಗಳನ್ನು ಹೊಡೆಯುತ್ತ ಇನ್ನೊಂದು ಕೈಯಿಂದ ಕೂಲಿಕಾರರಿಗೆ ವಿಮೆಯ ಶಾಸನಗಳನ್ನು ಮಾಡಿಸಿದ್ದನು: 1883ರಲ್ಲಿ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತದ ವಿಮೆ, 1889ರಲ್ಲಿ ವೃದ್ಧಾಪ್ಯ ಹಾಗೂ ಅಂಗವಿಕಲತೆಯ ವಿಮೆ. ಜಗತ್ತಿನಲ್ಲಿಯೇ ಮೊದಲ ಶಾಸನಗಳು ಇವು. ಆದರೆ ಶಾಸನವಿದ್ದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. ಹಡಗುಕಟ್ಟೆಯಲ್ಲಿ ಬೆರಳು ಕಳೆದುಕೊಂಡವನು ಯಾವ ಕಚೇರಿಗೆ ಹೋಗಬೇಕು, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು, ವೈದ್ಯನ ಚೀಟಿಯಲ್ಲಿ ಏನಿರಬೇಕು, ತಿರಸ್ಕಾರವಾದರೆ ಮೇಲ್ಮನವಿ ಎಲ್ಲಿಗೆ — ಇದೆಲ್ಲವೂ ಕಚೇರಿಯ ಜರ್ಮನ್ ಭಾಷೆಯಲ್ಲಿ. ಅದು ಕೂಲಿಕಾರನಿಗೆ ಪರಭಾಷೆಯಷ್ಟೇ ದೂರ. ಗಡಿನಾಡಿನಲ್ಲಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾದದ್ದಿಲ್ಲ. ತನ್ನದಲ್ಲದ ಭಾಷೆಯಲ್ಲಿ ಅಚ್ಚಾದ ಅರ್ಜಿಯ ಕಾಗದವನ್ನು ಹಿಡಿದುಕೊಂಡು ಶಾಲೆಯ ಮೇಷ್ಟರ ಮನೆಯ ಕಟ್ಟೆಗೆ ಬಂದು ಕೂರುವ ರೈತನನ್ನು ನಮ್ಮಲ್ಲಿ ನೋಡದವರು ಯಾರು?

1900ರಲ್ಲಿ ಬ್ರೇಮನ್ನಿನ ಕಾರ್ಮಿಕ ಸಂಘಗಳು ತಮ್ಮದೇ ಒಂದು ಸಲಹಾ ಕಚೇರಿಯನ್ನು ತೆರೆದು ಎಬರ್ಟನನ್ನು ಸಂಬಳದ ಮೇಲೆ ಕಾರ್ಯದರ್ಶಿಯನ್ನಾಗಿ ನೇಮಿಸಿದುವು. ಅವನು ಪಾನಗೃಹವನ್ನು ಬಿಟ್ಟನು. ವಕೀಲನಲ್ಲ, ಪದವೀಧರನಲ್ಲ, ಆದರೂ ವಿಮೆಯ ಶಾಸನ, ಬಾಡಿಗೆಯ ಶಾಸನ, ಕೂಲಿಯ ಕರಾರುಗಳನ್ನು ಸ್ವಂತ ಓದಿನಿಂದ ಅರಗಿಸಿಕೊಂಡು ದಿನವೂ ಜನರಿಗೆ ದಾರಿ ತೋರಿಸಿದನು. ನಮ್ಮ ಅಭಿಪ್ರಾಯದಲ್ಲಿ ಎಬರ್ಟನ ಜೀವಮಾನದ ಅತ್ಯಂತ ನಿಷ್ಕಳಂಕವಾದ ಕೆಲಸ ಇದೇ. ಮುಂದೆ ಅವನು ಏರಿದ ಪದವಿಗಳನ್ನು ಕುರಿತು ಪುಸ್ತಕಗಳು ತುಂಬ ಇವೆ. ಆ ಕಚೇರಿಯಲ್ಲಿ ಕುಳಿತು ಬರೆದ ಅರ್ಜಿಗಳನ್ನು ಕುರಿತು ಬರೆಯುವವರು ಕಡಮೆ.

ಅದೇ ಸಮಯಕ್ಕೆ ಊರಿನ ಶಾಸನಸಭೆಯಾದ ಬ್ಯುರ್ಗರ್‌ಷಾಫ್ಟಿಗೆ ಆಯ್ಕೆಯಾಗಿ, ಅಲ್ಲಿಯ ತನ್ನ ಪಕ್ಷದವರಿಗೆ ಮುಖಂಡನಾದನು. ಈ ಸಭೆಯ ಚುನಾವಣೆ ನಡೆಯುತ್ತಿದ್ದ ರೀತಿಯನ್ನು ಕೇಳಿದರೆ ಸೋಜಿಗವಾಗುತ್ತದೆ. ಮತದಾರರನ್ನು ಎಂಟು ವರ್ಗಗಳಾಗಿ ಒಡೆದಿದ್ದರು. ವಿಶ್ವವಿದ್ಯಾಲಯದಲ್ಲಿ ಓದಿದವರದು ಒಂದು ವರ್ಗ, ವರ್ತಕರದು ಒಂದು ವರ್ಗ, ಕೈಗಾರಿಕೆಯ ಯಜಮಾನರದು ಇನ್ನೊಂದು, ಹೀಗೆ. ಒಂದು ಹಿಡಿಯಷ್ಟು ವರ್ತಕರಿಗೆ ಸಿಗುತ್ತಿದ್ದ ಸ್ಥಾನಗಳನ್ನೂ ಸಾವಿರಾರು ಕೂಲಿಕಾರರಿಗೆ ಸಿಗುತ್ತಿದ್ದ ಸ್ಥಾನಗಳನ್ನೂ ಹೋಲಿಸಿದರೆ ತಕ್ಕಡಿ ಯಾವ ಕಡೆಗೆ ವಾಲಿತ್ತೆಂಬುದು ತಾನೇ ತಿಳಿಯುತ್ತದೆ. ಅಂಥ ಸಭೆಯಲ್ಲಿ ಎಬರ್ಟನ ಕಡೆಯವರು ಏನನ್ನೂ ಗೆಲ್ಲುವಂತಿರಲಿಲ್ಲ. ಆದರೂ ಅವನು ಐದು ವರ್ಷ ಅಲ್ಲಿ ಕುಳಿತನು; ಆಯವ್ಯಯದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಮಾತನಾಡಿದನು. ಸೋಲುವುದು ಖಂಡಿತವೆಂದು ಗೊತ್ತಿದ್ದೂ ಪ್ರತಿಪಕ್ಷದವನ ಮಾತಿಗೆ ಮಾತು ಕೊಟ್ಟು ಸೌಜನ್ಯ ಬಿಡದೆ ವಾದಿಸುವ ಅಭ್ಯಾಸ ಅಲ್ಲಿ ಬೆಳೆಯಿತು. ಈ ಅಭ್ಯಾಸವೇ ಮುಂದೆ ಅವನಿಗೆ ಬಲವೂ ಆಯಿತು, ದೌರ್ಬಲ್ಯವೂ ಆಯಿತು. 1904ರಲ್ಲಿ ಪಕ್ಷದ ಅಖಿಲ ಜರ್ಮನಿ ಅಧಿವೇಶನ ಬ್ರೇಮನ್ನಿನಲ್ಲಿಯೇ ಸೇರಿದಾಗ ಅಧ್ಯಕ್ಷಪೀಠದಲ್ಲಿ ಕುಳಿತು ಸಭೆಯನ್ನು ನಡೆಸಿದ ರೀತಿಯನ್ನು ಕಂಡು ಹಿರಿಯರು ತಲೆದೂಗಿದರು. ಮರುವರ್ಷ ಪಕ್ಷದ ಕೇಂದ್ರ ಕಾರ್ಯದರ್ಶಿಯಾಗಿ ಬರ್ಲಿನ್ನಿಗೆ ಹೊರಟನು. ಆಗ ಅವನಿಗೆ ಮೂವತ್ತನಾಲ್ಕು ವರ್ಷ.

ಬರ್ಲಿನ್ನಿನ ಕಚೇರಿಯಲ್ಲಿ ಟೈಪ್‌ರೈಟರ್, ಟೆಲಿಫೋನುಗಳನ್ನು ತರಿಸಿ, ಕಡತಗಳನ್ನು ಕ್ರಮಕ್ಕೆ ತಂದವನು ಇವನೇ. 1912ರ ಚುನಾವಣೆಯಲ್ಲಿ ಪಕ್ಷವು ರೈಖ್‌ಸ್ಟಾಗಿನ 397 ಸ್ಥಾನಗಳಲ್ಲಿ 110 ಸ್ಥಾನ ಗೆದ್ದು ಎಲ್ಲಕ್ಕಿಂತ ದೊಡ್ಡ ಪಕ್ಷವಾಯಿತು. ಎಬರ್ಟನು ಗೆದ್ದದ್ದು ಎಲ್ಬರ್‌ಫೆಲ್ಡ್-ಬಾರ್ಮನ್ ಕ್ಷೇತ್ರದಿಂದ. ಇಪ್ಪತ್ತು ವರ್ಷದ ಹಿಂದೆ ಕೆಲಸ ಹುಡುಕುತ್ತ ಬಂದಿದ್ದ ಊರು ಅದು. 1913ರಲ್ಲಿ ವಯೋವೃದ್ಧ ನಾಯಕ ಬೇಬೆಲನು ತೀರಿಕೊಂಡ ಮೇಲೆ ಪಕ್ಷದ ಇಬ್ಬರು ಅಧ್ಯಕ್ಷರಲ್ಲಿ ಇವನೊಬ್ಬನಾದನು. ಬೇಬೆಲನು ಮರದ ಕೆಲಸ ಕಡೆದು ಬಂದವನು. ಇವನು ತೊಗಲು ಹೊಲಿದು ಬಂದವನು.

1914ರಲ್ಲಿ ಮಹಾಯುದ್ಧ ಬಂದಿತು. ಆಗಸ್ಟ್ 4ರಂದು ಪಕ್ಷವು ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಎಬರ್ಟನೂ ಅದೇ ಅಭಿಪ್ರಾಯದವನಾಗಿದ್ದನು. ಈ ಪ್ರಶ್ನೆಯ ಮೇಲೆ ಪಕ್ಷ 1917ರಲ್ಲಿ ಎರಡಾಗಿ ಒಡೆಯಿತು. ಅದೇ ವರ್ಷ ಅವನ ಇಬ್ಬರು ಮಕ್ಕಳು, ಹೈನ್ರಿಶ್ ಮತ್ತು ಗೇಯೋರ್ಗ್, ಕೆಲವೇ ತಿಂಗಳ ಅಂತರದಲ್ಲಿ ರಣರಂಗದಲ್ಲಿ ಮಡಿದರು. ಅವರಲ್ಲೊಬ್ಬನಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ.

1918ರ ನವೆಂಬರ್ 9ರಂದು ಚಕ್ರವರ್ತಿಯ ಆಳ್ವಿಕೆ ಕುಸಿದುಬಿದ್ದಿತು. ಪ್ರಧಾನಿಯಾಗಿದ್ದ ರಾಜಕುಮಾರ ಮಾಕ್ಸನು ತನ್ನ ಅಧಿಕಾರವನ್ನು ತಂದು ಎಬರ್ಟನ ಕೈಗಿತ್ತನು. ಹಸಿದ ಜನ, ರಣರಂಗದಿಂದ ಹಿಂದಿರುಗುತ್ತಿದ್ದ ಲಕ್ಷಾಂತರ ಸೈನಿಕರು, ಬೀದಿಬೀದಿಯಲ್ಲಿ ಕೆಂಪು ಬಾವುಟ. ಆ ಕೆಲವು ವಾರಗಳಲ್ಲಿಯೇ ಎಂಟು ಗಂಟೆಗಳ ಕೆಲಸದ ದಿನ ಜಾರಿಗೆ ಬಂದಿತು. ಇಪ್ಪತ್ತು ತುಂಬಿದ ಹೆಂಗಸರಿಗೂ ಗಂಡಸರ ಸಮನಾಗಿ ಮತ ಸಿಕ್ಕಿತು. ಬ್ರೇಮನ್ನಿನ ಎಂಟು ವರ್ಗಗಳಂಥ ತಕ್ಕಡಿಗಳೆಲ್ಲ ಮುರಿದುಬಿದ್ದುವು. ಇಷ್ಟನ್ನು ಎಬರ್ಟನ ಕೀರ್ತಿಗೆ ಸೇರಿಸಲೇಬೇಕು.

ಆದರೆ ಇನ್ನೊಂದು ಮುಖವನ್ನು ಮರೆಮಾಡಿ ಬರೆದರೆ ಅದು ಚರಿತ್ರೆಯಾಗಲಾರದು. ನವೆಂಬರ್ 10ರಂದು ಎಬರ್ಟನು ಸೇನೆಯ ಜನರಲ್ ಗ್ರೋಯ್ನರನೊಡನೆ ಒಂದು ಒಪ್ಪಂದಕ್ಕೆ ಬಂದನು: ಸೇನೆಯು ಹೊಸ ಸರಕಾರಕ್ಕೆ ಬೆಂಬಲವಾಗಿ ನಿಲ್ಲಬೇಕು, ಸರಕಾರವು ಹಳೆಯ ಅಧಿಕಾರಿಗಳನ್ನು ಮುಟ್ಟಬಾರದು. 1919ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ದಂಗೆಯಾದಾಗ ಅವನ ಸಂಗಡಿಗ ನೋಸ್ಕೆಯು ಹಳೆಯ ಸೈನಿಕರ ಖಾಸಗಿ ಪಡೆಗಳನ್ನು ಕರೆಸಿದನು. ದಂಗೆ ಅಡಗಿತು, ಜನವರಿ 15ರಂದು ರೋಸಾ ಲುಕ್ಸೆಂಬುರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಖ್ಟರನ್ನು ಆ ಪಡೆಯವರು ಹಿಡಿದು ಕೊಂದರು. ಒಂದು ಕಾಲಕ್ಕೆ ಅವರಿಬ್ಬರೂ ಎಬರ್ಟನ ಪಕ್ಷದವರೇ. ರೋಸಾ ಲುಕ್ಸೆಂಬುರ್ಗಳು ಪಕ್ಷದ ಶಾಲೆಯಲ್ಲಿ ಪಾಠ ಹೇಳಿದ್ದವಳು. ಕೊಲೆಗೆ ಎಬರ್ಟನು ಅಪ್ಪಣೆ ಕೊಟ್ಟನೆಂದು ಹೇಳಲು ಆಧಾರವಿಲ್ಲ. ಆದರೆ ಕೊಂದವರಿಗೆ ತಕ್ಕ ಶಿಕ್ಷೆಯೂ ಆಗಲಿಲ್ಲ. ಕ್ರಮಕ್ಕೆ, ಕಚೇರಿಗೆ, ನಿಯಮಕ್ಕೆ ಒಗ್ಗಿಹೋದ ಮನಸ್ಸು ಅವ್ಯವಸ್ಥೆಯನ್ನು ಕಂಡರೆ ಅತಿಯಾಗಿ ಹೆದರಿತೆಂದೂ, ಹಳೆಯ ಅಧಿಕಾರಿಗಳ ಮಾತನ್ನು ಅತಿಯಾಗಿ ನಂಬಿತೆಂದೂ ನಮಗೆ ತೋರುತ್ತದೆ. ಅವರು ಅವನನ್ನು ಎಂದೂ ನಂಬಲಿಲ್ಲ. 1920ರ ಮಾರ್ಚಿಯಲ್ಲಿ ಕಾಪ್ ಎಂಬವನು ದಂಡು ಕಟ್ಟಿಕೊಂಡು ರಾಜಧಾನಿಗೆ ನುಗ್ಗಿದಾಗ, ಗಣರಾಜ್ಯದ ಸೇನೆ ಗುಂಡು ಹಾರಿಸಲು ಒಪ್ಪಲಿಲ್ಲ. ಸರಕಾರವನ್ನು ಉಳಿಸಿದ್ದು ಕೆಲಸ ನಿಲ್ಲಿಸಿ ಹೊರಬಂದ ಕೂಲಿಕಾರರು.

1919ರ ಫೆಬ್ರವರಿ 11ರಂದು ವೈಮಾರ್ ಪಟ್ಟಣದಲ್ಲಿ ಸೇರಿದ್ದ ರಾಷ್ಟ್ರಸಭೆಯು 379 ಮತಗಳಲ್ಲಿ 277 ಮತಗಳಿಂದ ಎಬರ್ಟನನ್ನು ರಾಷ್ಟ್ರಾಧ್ಯಕ್ಷನನ್ನಾಗಿ ಆರಿಸಿತು. ಅಂದಿನಿಂದ ಪರಿಹಾಸ್ಯ ಪ್ರಾರಂಭವಾಯಿತು. ಆಗಸ್ಟ್ 21ರಂದು ಅವನು ಪ್ರಮಾಣವಚನ ಸ್ವೀಕರಿಸುತ್ತಿದ್ದ ದಿನವೇ ಬರ್ಲಿನ್ನಿನ ಒಂದು ಸಚಿತ್ರ ವಾರಪತ್ರಿಕೆ ಮಾರಾಟಕ್ಕೆ ಬಂದಿತು. ಅದರ ಮುಖಪುಟದಲ್ಲಿ ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಸ್ನಾನದ ಚಡ್ಡಿಯಲ್ಲಿ ನಿಂತ ಎಬರ್ಟ್ ಹಾಗೂ ನೋಸ್ಕೆಯರ ಛಾಯಾಚಿತ್ರ. ಇಂದು ಯಾರೂ ಎರಡನೆಯ ಸಲ ನೋಡಲಾರದ ಚಿತ್ರ. ಚಿನ್ನದ ಪದಕಗಳಿಂದ ಎದೆ ತುಂಬಿದ ಚಕ್ರವರ್ತಿಯನ್ನು ನೋಡಿ ರೂಢಿಯಾಗಿದ್ದ ಜನಕ್ಕೆ ದಪ್ಪಗೆ ಕುಳ್ಳಗೆ ಇದ್ದ ಈ ಮನುಷ್ಯ ನಗೆಪಾಟಲಾದನು. ಆ ಚಿತ್ರವನ್ನು ಕಾರ್ಡುಗಳ ಮೇಲೆ ಅಚ್ಚುಮಾಡಿ ಹಂಚಿದರು. ವ್ಯಂಗ್ಯಚಿತ್ರಗಳಲ್ಲಿ ಅವನ ಹೆಗಲ ಮೇಲೊಂದು ಜೀನು. ರಾಜಪಕ್ಷದ ಪತ್ರಿಕೆಗಳಲ್ಲಿ ‘ಜೀನಗಾರ’, ‘ಜೀನಗಾರನ ಆಳು’. ಹೆಂಡತಿ ಲೂಯಿಸಳ ನಡೆನುಡಿಯನ್ನು ಕುರಿತು ಕಟ್ಟಿದ ಕಥೆಗಳಿಗಂತೂ ಲೆಕ್ಕವಿಲ್ಲ.

ಎಬರ್ಟನು ತನ್ನ ಕಸಬನ್ನು ಮುಚ್ಚಿಡಲಿಲ್ಲ. ಅದನ್ನು ಎತ್ತಿ ಆಡಿ ಜನರ ಕನಿಕರವನ್ನೂ ಗಿಟ್ಟಿಸಲಿಲ್ಲ. ಆದರೆ ಸುಳ್ಳು ಆಪಾದನೆಗಳನ್ನು ಮಾತ್ರ ಬಿಟ್ಟುಕೊಡದೆ ನ್ಯಾಯಾಲಯಕ್ಕೆ ಒಯ್ದನು. ಅಂಥ ಮೊಕದ್ದಮೆಗಳು 150ಕ್ಕೂ ಮೇಲ್ಪಟ್ಟಿದ್ದುವು. ತನ್ನ ಮಾನಕ್ಕಿಂತ ಪದವಿಯ ಮಾನ ಉಳಿಯಬೇಕೆಂಬುದು ಅವನ ಲೆಕ್ಕಾಚಾರ. ಈ ನಡುವೆಯೇ ಆಡಳಿತವೂ ನಡೆಯಬೇಕಷ್ಟೆ. 1923ರ ಜನವರಿಯಲ್ಲಿ ಫ್ರೆಂಚರು ರೂರ್ ಪ್ರಾಂತವನ್ನು ಆಕ್ರಮಿಸಿದರು. ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳಾದುವು. ಅದೇ ತಿಂಗಳು ಮ್ಯೂನಿಕ್ಕಿನಲ್ಲಿ ಹಿಟ್ಲರನು ದಂಗೆಯೆದ್ದನು. ರಾಜ್ಯಾಂಗದ 48ನೆಯ ವಿಧಿಯ ಪ್ರಕಾರ ತುರ್ತು ಆಜ್ಞೆಗಳನ್ನು ಎಬರ್ಟನು 130ಕ್ಕೂ ಹೆಚ್ಚು ಸಲ ಹೊರಡಿಸಿದನು. ಗಣರಾಜ್ಯವನ್ನು ಉಳಿಸುವುದಕ್ಕಾಗಿ ಹಾಗೆ ಮಾಡಿದನೆಂಬುದು ನಿಜ. ಅದೇ ವಿಧಿಯಿಂದ ಹತ್ತು ವರ್ಷದ ನಂತರ ಬೇರೆಯವರು ಗಣರಾಜ್ಯವನ್ನು ಮುಗಿಸಲು ದಾರಿ ಮಾಡಿಕೊಂಡರೆಂಬುದೂ ನಿಜ.

ಅವನ ಪ್ರಾಣಕ್ಕೆ ಎರವಾದ ಮೊಕದ್ದಮೆ ಮಾಗ್ಡೆಬುರ್ಗ್ ಪಟ್ಟಣದ್ದು. 1918ರ ಜನವರಿಯಲ್ಲಿ, ಯುದ್ಧ ಇನ್ನೂ ನಡೆದಿರುವಾಗ, ಬರ್ಲಿನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಮುಷ್ಕರವಾಗಿತ್ತು. ಎಬರ್ಟನು ಮುಷ್ಕರದ ಸಮಿತಿಯನ್ನು ಸೇರಿದ್ದು ಅದನ್ನು ಬೇಗ ಮುಗಿಸುವ ಉದ್ದೇಶದಿಂದ. ಆರು ವರ್ಷದ ಮೇಲೆ ಒಬ್ಬ ಪತ್ರಿಕಾಸಂಪಾದಕನು ಇದನ್ನೇ ಹಿಡಿದು ಅವನನ್ನು ದೇಶದ್ರೋಹಿಯೆಂದು ಕರೆದನು. ಎಬರ್ಟನು ಮೊಕದ್ದಮೆ ಹೂಡಿದನು. 1924ರ ಡಿಸೆಂಬರ್ 23ರಂದು ತೀರ್ಪು ಬಂದಿತು. ಅವಮಾನಿಸಿದ ಸಂಪಾದಕನಿಗೆ ಮೂರು ತಿಂಗಳ ಸಜೆ. ಆದರೆ ಅದೇ ತೀರ್ಪಿನಲ್ಲಿ, ಮುಷ್ಕರದ ಸಮಿತಿಯನ್ನು ಸೇರಿದ್ದರಿಂದ ಶಾಸನದ ಅರ್ಥದಲ್ಲಿ ಎಬರ್ಟನು ದೇಶದ್ರೋಹ ಮಾಡಿದಂತಾಯಿತೆಂದು ನ್ಯಾಯಾಧೀಶರು ಬರೆದರು. ಉದ್ದೇಶ ಏನಿತ್ತೆಂಬುದು ಮುಖ್ಯವಲ್ಲವಂತೆ. ಎರಡು ಮಕ್ಕಳನ್ನು ಅದೇ ಯುದ್ಧಕ್ಕೆ ಕೊಟ್ಟ ತಂದೆಯ ವಿಷಯದಲ್ಲಿ ಆ ಮಾತು! ಚಕ್ರವರ್ತಿಯ ಕಾಲದಲ್ಲಿ ನೇಮಕವಾದ ನ್ಯಾಯಾಧೀಶರನ್ನು ಹಾಗೆಯೇ ಉಳಿಸಿಕೊಂಡವನೂ ಎಬರ್ಟನೇ ಎಂಬುದನ್ನು ಇಲ್ಲಿ ನೆನೆಯಬೇಕು.

ಮೇಲ್ಮನವಿಯ ಓಡಾಟದಲ್ಲಿ ಹೊಟ್ಟೆಯ ಬೇನೆಯನ್ನು ಅಲಕ್ಷಿಸಿದನು. ಅಪೆಂಡಿಸೈಟಿಸ್ ಒಡೆದು ನಂಜೇರಿತು, ಶಸ್ತ್ರಚಿಕಿತ್ಸೆ ತಡವಾಯಿತು. 1925ರ ಫೆಬ್ರವರಿ 28ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಶವವನ್ನು ರೈಲಿನಲ್ಲಿ ಹೈಡಲ್‌ಬರ್ಗಿಗೆ ಒಯ್ದು ಬೆಟ್ಟದ ಇಳಿಜಾರಿನ ಸ್ಮಶಾನದಲ್ಲಿ ಮಣ್ಣುಮಾಡಿದರು. ಅವನ ಸ್ಥಾನಕ್ಕೆ ಬಂದವನು ಫೀಲ್ಡ್ ಮಾರ್ಷಲ್ ಹಿಂಡೆನ್‌ಬುರ್ಗ್. 1933ರಲ್ಲಿ ಹಿಟ್ಲರನನ್ನು ಪ್ರಧಾನಿಯನ್ನಾಗಿ ನೇಮಿಸಿದವನು.

ಸಂಸಾರದ ಮಾತನ್ನೂ ಹೇಳಿ ಮುಗಿಸುತ್ತೇವೆ. ಲೂಯಿಸಳು ಹಿಟ್ಲರನ ಕಾಲವನ್ನೂ ಎರಡನೆಯ ಯುದ್ಧವನ್ನೂ ಕಂಡು, 1955ರಲ್ಲಿ ಹೈಡಲ್‌ಬರ್ಗಿನಲ್ಲಿಯೇ ತೀರಿಕೊಂಡಳು. ಹಿರಿಯ ಮಗ ಫ್ರೀಡ್ರಿಶ್ ಯುದ್ಧಾನಂತರ ಕಮ್ಯೂನಿಸ್ಟರ ಕಡೆಗೆ ಸೇರಿ 1948ರಿಂದ 1967ರ ವರೆಗೆ ಪೂರ್ವ ಬರ್ಲಿನ್ನಿನ ನಗರಾಧ್ಯಕ್ಷನಾಗಿದ್ದನು. ತಂದೆಯ ಹೆಸರನ್ನು ಗೌರವದಿಂದ ಎತ್ತುತ್ತಿದ್ದ ಜರ್ಮನಿ ಮಾತ್ರ ಗೋಡೆಯ ಆಚೆಯದು. ಎಬರ್ಟನು ಸತ್ತ ವರ್ಷವೇ ಅವನ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಬುದ್ಧಿಯಿದ್ದೂ ಹಣವಿಲ್ಲದ ಕೂಲಿಕಾರರ ಮಕ್ಕಳಿಗೆ ವಿಶ್ವವಿದ್ಯಾಲಯದ ಓದಿಗೆ ಸಹಾಯ ಮಾಡುವುದು ಅದರ ಉದ್ದೇಶಗಳಲ್ಲೊಂದು. 1933ರಲ್ಲಿ ನಾಜಿಗಳು ಅದನ್ನು ಮುಚ್ಚಿಸಿದರು; ಯುದ್ಧ ಮುಗಿದಮೇಲೆ ಮತ್ತೆ ತೆರೆಯಿತು, ಈಗಲೂ ನಡೆದಿದೆ. ಫಾಫನ್‌ಗಾಸಿನ 18ನೆಯ ನಂಬರಿನ ಮನೆ 1989ರಿಂದ ಸ್ಮಾರಕವಾಗಿದೆ. ದರ್ಜಿಯ ಸಂಸಾರವಿದ್ದ ಆ ಪುಟ್ಟ ಬಿಡಾರವನ್ನು ಇಂದಿಗೂ ನೋಡಬಹುದು.